ವೈದ್ಯನ ಕೊಲೆ, ಎರಡು ಕಾನೂನು: ವೈಲಾಟ್ಪು ಹತ್ಯೆ ಮತ್ತು ಐವರು ಕಯೂಸರ ವಿಚಾರಣೆ (1847–1850)

1850ರ ಜೂನ್ 3ರಂದು, ಇಂದಿನ ಅಮೆರಿಕದ ಆರಿಗನ್ ರಾಜ್ಯದ ಆರಿಗನ್ ಸಿಟಿ ಎಂಬ ಊರಿನಲ್ಲಿ, ನೆರೆದ ಜನರ ಎದುರಿಗೆ ಕಯೂಸ್ ಎಂಬ ಮೂಲನಿವಾಸಿ ಸಮುದಾಯದ ಐವರು ಗಂಡಸರನ್ನು ಗಲ್ಲಿಗೇರಿಸಲಾಯಿತು. ಅವರ ಹೆಸರುಗಳು ತಿಲೋಕೈಕ್ತ್, ತೋಮಹಾಸ್, ಕ್ಲೋಕೋಮಾಸ್, ಇಸಾಯಚಲ್ಕಿಸ್ ಮತ್ತು ಕಿಯಮಸುಂಪ್ಕಿನ್. ಎರಡೂವರೆ ವರ್ಷಗಳ ಹಿಂದೆ ವೈಲಾಟ್ಪು ಎಂಬಲ್ಲಿನ ಮಿಷನ್ ಕೇಂದ್ರದಲ್ಲಿ ವೈದ್ಯ ಮಾರ್ಕಸ್ ವಿಟ್‌ಮನ್, ಅವರ ಹೆಂಡತಿ ನಾರ್ಸಿಸಾ ಮತ್ತು ಇತರ ಹನ್ನೊಂದು ಮಂದಿ ಬಿಳಿಯರನ್ನು ಕೊಂದರೆಂಬುದು ಅವರ ಮೇಲಿದ್ದ ಆರೋಪ. ಅಮೆರಿಕದ ಶಾಲಾ ಪುಸ್ತಕಗಳಲ್ಲಿ ಈ ಘಟನೆ ಬಹುಕಾಲ 'ವಿಟ್‌ಮನ್ ಹತ್ಯಾಕಾಂಡ' ಎಂಬ ಒಂದೇ ಹೆಸರಿನಿಂದ, ಒಂದೇ ಬದಿಯ ಕಥೆಯಾಗಿ ಉಳಿದಿತ್ತು. ಹತ್ಯೆ ನಡೆದದ್ದು ನಿಜ, ಅದರ ಕ್ರೌರ್ಯವೂ ನಿಜ. ಆದರೆ ಅದನ್ನು ವಿಚಾರಿಸಿದ ನ್ಯಾಯಾಲಯಕ್ಕೆ ಆ ನೆಲದ ಮೇಲೆ, ಆ ದಿನಾಂಕದಂದು ಅಧಿಕಾರವಿತ್ತೇ, ಮತ್ತು ಗಲ್ಲಿಗೇರಿದ ಐವರೂ ಆ ಕೃತ್ಯ ಎಸಗಿದವರೇ ಎಂಬ ಎರಡು ಪ್ರಶ್ನೆಗಳಿಗೆ ಅಂದು ಸಿಕ್ಕ ಉತ್ತರಗಳು ತೃಪ್ತಿಕರವಾಗಿಲ್ಲವೆಂಬುದು ಈ ಅಧ್ಯಯನದ ನಿಲುವು.

ಕುದುರೆಯ ಜನ

ಕೊಲಂಬಿಯಾ ನದಿಯ ಪ್ರಸ್ಥಭೂಮಿಯಲ್ಲಿ, ವಾಲಾ ವಾಲಾ, ಯುಮಟಿಲ ಮತ್ತು ಗ್ರಾಂಡ್ ರಾಂಡ್ ನದಿಗಳ ಕಣಿವೆಗಳಲ್ಲಿ, ನೀಲಿ ಬೆಟ್ಟಗಳ ತಪ್ಪಲಿನಲ್ಲಿ ಕಯೂಸರು ಬದುಕಿದ್ದರು. 'ಕಯೂಸ್' ಅವರು ತಮಗೆ ತಾವೇ ಇಟ್ಟುಕೊಂಡ ಹೆಸರಲ್ಲ. ಕೆನಡಾದ ತುಪ್ಪಳ ವ್ಯಾಪಾರಿಗಳ ಬಾಯಲ್ಲಿದ್ದ, ಕಲ್ಲುಗಳು ಎಂಬ ಅರ್ಥದ ಫ್ರೆಂಚ್ ಪದದಿಂದ ಅದು ಬಂದಿದೆ. ಅವರ ಮೂಲ ಭಾಷೆಗೆ ನೆರೆಯ ಯಾವ ಭಾಷೆಯೊಂದಿಗೂ ಖಚಿತವಾದ ನಂಟು ಸಿದ್ಧವಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ನೆರೆಯ ನೆಜ್ ಪರ್ಸ್ ಜನರೊಂದಿಗಿನ ಮದುವೆ ಸಂಬಂಧಗಳಿಂದಾಗಿ ಅವರ ಭಾಷೆಯೇ ಕಯೂಸರ ಮನೆಮಾತಾಗುತ್ತಾ ಹೋಗಿ, ಮೂಲ ಭಾಷೆ ಕಣ್ಮರೆಯಾಯಿತು.

ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಕುದುರೆ ಕೈಗೆ ಬಂದ ಮೇಲೆ ಈ ಚಿಕ್ಕ ಸಮುದಾಯದ ಬಲವೇ ಬೇರೆಯಾಯಿತು. ತಪ್ಪಲಿನ ಹುಲ್ಲುಗಾವಲು ಕುದುರೆ ಸಾಕಣೆಗೆ ಹೇಳಿ ಮಾಡಿಸಿದಂತಿತ್ತು. ಸ್ಥಿತಿವಂತನೊಬ್ಬನ ಹಿಂಡಿನಲ್ಲಿ ನೂರಾರು ಕುದುರೆಗಳಿರುತ್ತಿದ್ದವು. ಪಶ್ಚಿಮ ಅಮೆರಿಕದ ಆಡುಮಾತಿನಲ್ಲಿ ಗಟ್ಟಿಮುಟ್ಟಾದ ಸಣ್ಣ ಕುದುರೆಗೆ ಇಂದಿಗೂ 'ಕಯೂಸ್' ಎಂದೇ ಹೆಸರು. ವಲಸಿಗರು ಬರುವ ಹೊತ್ತಿಗೆ ಅವರ ಸಂಖ್ಯೆ ಕೆಲವೇ ನೂರು, ಆದರೆ ಪ್ರಭಾವ ಆ ಸಂಖ್ಯೆಗೆ ಮೀರಿದ್ದು. 1818ರಲ್ಲಿ ತುಪ್ಪಳ ಕಂಪನಿಯೊಂದು ಕೊಲಂಬಿಯಾ ನದಿಯ ದಂಡೆಯಲ್ಲಿ ಕೋಟೆ ಕಟ್ಟಿತು. ಮುಂದೆ ಹಡ್ಸನ್ಸ್ ಬೇ ಕಂಪನಿಯ ಕೈಗೆ ಹೋದ ಅದು ವಾಲಾ ವಾಲಾ ಕೋಟೆ ಎನಿಸಿಕೊಂಡಿತು. ಆ ವ್ಯಾಪಾರಿಗಳು ಅಲ್ಲಿದ್ದದ್ದು ಕಯೂಸರ ಅನುಮತಿಯಿಂದ, ಕೊಡು-ಕೊಳ್ಳುವಿಕೆಯ ಮೇಲೆ. ಬಿಳಿಯರ ಜೊತೆ ಹೇಗೆ ನಡೆದುಕೊಳ್ಳಬೇಕೆಂಬ ಲೆಕ್ಕಾಚಾರವನ್ನು ಕಯೂಸರು ಕಲಿತದ್ದು ಈ ವ್ಯಾಪಾರಿಗಳಿಂದ: ನೆಲದಲ್ಲಿ ಇರುವವನು ಅದಕ್ಕೆ ಬೆಲೆ ತೆರಬೇಕು.

ಹುಲ್ಲಿನ ಜಾಗದಲ್ಲಿ ಮಿಷನ್

ವೈಲಾಟ್ಪು ಎಂದರೆ ಎತ್ತರದ ಒಂದು ಬಗೆಯ ಹುಲ್ಲು ಬೆಳೆಯುವ ಜಾಗ. 1836ರಲ್ಲಿ ಮಾರ್ಕಸ್ ಮತ್ತು ನಾರ್ಸಿಸಾ ವಿಟ್‌ಮನ್ ದಂಪತಿ ಅಲ್ಲಿ ನೆಲೆ ನಿಂತರು. ಅವರ ಸಂಗಡ ಬಂದಿದ್ದ ಸ್ಪಾಲ್ಡಿಂಗ್ ದಂಪತಿ ನೆಜ್ ಪರ್ಸ್ ಜನರ ನಡುವೆ ಲ್ಯಾಪ್ವಾಯ್‌ಗೆ ಹೋದರು. ರಾಕಿ ಪರ್ವತಗಳನ್ನು ದಾಟಿದ ಮೊದಲ ಬಿಳಿಯ ಅಮೆರಿಕನ್ ಹೆಂಗಸರೆಂದು ನಾರ್ಸಿಸಾ ಮತ್ತು ಎಲೈಜಾ ಸ್ಪಾಲ್ಡಿಂಗ್ ಇತಿಹಾಸದಲ್ಲಿ ದಾಖಲಾಗಿದ್ದಾರೆ. ಇವರನ್ನು ಕಳುಹಿಸಿದ್ದು ಬಾಸ್ಟನ್ನಿನ ಅಮೆರಿಕನ್ ಬೋರ್ಡ್ ಎಂಬ ಮಿಷನರಿ ಸಂಸ್ಥೆ. ಇದೇ ಸಂಸ್ಥೆ 1813ರಿಂದ ಮುಂಬಯಿಯಲ್ಲೂ ಕೆಲಸ ನಡೆಸುತ್ತಿತ್ತು. ಬಾಸ್ಟನ್ನಿನಲ್ಲಿ ಕುಳಿತು ನೋಡುವವರಿಗೆ ಅರಬ್ಬಿ ಕಡಲಿನ ದಡವೂ ಕೊಲಂಬಿಯಾ ನದಿಯ ದಡವೂ ಒಂದೇ ಪಟ್ಟಿಯ ಎರಡು ಸಾಲುಗಳಾಗಿದ್ದವು.

ಜಗಳದ ಬೀಜ ಮೊದಲ ದಿನಗಳಲ್ಲಿಯೇ ಬಿದ್ದಿತ್ತು. ವಿಟ್‌ಮನ್‌ಗಿಂತ ಮುಂಚೆ ಸ್ಥಳ ನೋಡಲು ಬಂದಿದ್ದ ಸ್ಯಾಮ್ಯುಯೆಲ್ ಪಾರ್ಕರ್ ಎಂಬ ಪಾದ್ರಿ, ನೆಲಕ್ಕೆ ಬದಲಾಗಿ ವರ್ಷಾವರ್ಷ ಸರಕು ಕೊಡುವುದಾಗಿ ಮಾತು ಕೊಟ್ಟಿದ್ದರೆಂದು ಕಯೂಸರು ಪದೇ ಪದೇ ನೆನಪಿಸಿದರು. ವಿಟ್‌ಮನ್ ಅಂಥ ಯಾವ ಬಾಡಿಗೆಯನ್ನೂ ಒಪ್ಪಲಿಲ್ಲ. ತಾವು ಬಂದಿರುವುದು ಉಪಕಾರಕ್ಕೆ, ಉಪಕಾರಕ್ಕೆ ಬಾಡಿಗೆ ಏಕೆ ಎಂಬುದು ಅವರ ಧೋರಣೆ. ಮಿಷನ್ನಿನ ಹೊಲ, ಹಿಟ್ಟಿನ ಗಿರಣಿ, ಕಮ್ಮಾರಸಾಲೆ ಬೆಳೆಯುತ್ತಾ ಹೋದಂತೆ ಈ ಉಪಕಾರದ ಫಲ ಯಾರ ಮನೆ ಸೇರುತ್ತಿದೆ ಎಂಬುದು ಕಯೂಸರಿಗೆ ಕಾಣುತ್ತಲೇ ಇತ್ತು.

1841ರಲ್ಲಿ ಕುದುರೆಗಳು ಹೊಲಕ್ಕೆ ನುಗ್ಗಿದ ವಿಷಯದಲ್ಲಿ ತಕರಾರು ಎದ್ದಾಗ ತಿಲೋಕೈಕ್ತ್ ಅವರು ವಿಟ್‌ಮನ್ನರ ಕಿವಿ ಹಿಡಿದೆಳೆದು, ಟೋಪಿಯನ್ನು ಕೆಸರಿಗೆ ಎಸೆದರು. ವಿಟ್‌ಮನ್ ಅದನ್ನು ಎತ್ತಿ ಮತ್ತೆ ತಲೆಗೆ ಇಟ್ಟುಕೊಂಡರು. ಟೋಪಿ ಮತ್ತೆ ಕೆಸರಿಗೆ ಬಿತ್ತು, ಮತ್ತೆ ತಲೆಗೆ ಏರಿತು. ಮಿಷನ್ನಿನ ಬರಹಗಳಲ್ಲಿ ಈ ಪ್ರಸಂಗ ತಾಳ್ಮೆಯ ಉದಾಹರಣೆಯಾಗಿ ಬರುತ್ತದೆ. ಕಯೂಸರ ಕಡೆಯಿಂದ ನೋಡಿದರೆ, ಇದು ತನ್ನ ನೆಲದಲ್ಲಿರುವವನಿಗೆ ನೆಲದ ಯಜಮಾನ ಕೊಟ್ಟ ಬಹಿರಂಗ ನೋಟೀಸು. ಅದನ್ನು ಓದಿಕೊಳ್ಳುವ ಕೆಲಸವನ್ನು ವಿಟ್‌ಮನ್ ಮಾಡಲಿಲ್ಲ.

ಮತಾಂತರದ ದೃಷ್ಟಿಯಿಂದಲೂ ಮಿಷನ್ ಸೋತಿತ್ತು. 1842ರಲ್ಲಿ ಬೋರ್ಡು ವೈಲಾಟ್ಪು ಕೇಂದ್ರವನ್ನು ಮುಚ್ಚಲು ನಿರ್ಧರಿಸಿದಾಗ, ವಿಟ್‌ಮನ್ ಆ ಚಳಿಗಾಲದಲ್ಲೇ ಕುದುರೆಯೇರಿ ಪೂರ್ವಕ್ಕೆ ಹೋಗಿ ನಿರ್ಧಾರವನ್ನು ಹಿಂತೆಗೆಸಿದರು. 1843ರಲ್ಲಿ ಅವರು ಮರಳಿದ್ದು ಸುಮಾರು ಒಂದು ಸಾವಿರ ವಲಸಿಗರ ಬಂಡಿಸಾಲಿನೊಂದಿಗೆ. ಅಲ್ಲಿಂದ ಮುಂದೆ ಪ್ರತಿ ಶರತ್ಕಾಲದಲ್ಲಿ ಬಂಡಿಗಳು ಬರತೊಡಗಿದವು; 1847ರಲ್ಲಿ ಬಂದವರ ಸಂಖ್ಯೆ ನಾಲ್ಕು ಸಾವಿರಕ್ಕೂ ಹೆಚ್ಚು. ಬಿಳಿಯರ ನೆಲೆಯೂರುವಿಕೆಗೆ ನೆರವಾಗುವುದೇ ತಮ್ಮ ದೊಡ್ಡ ಕೆಲಸವೆಂದು ವಿಟ್‌ಮನ್ 1844ರಲ್ಲಿ ಪತ್ರ ಬರೆದರು. ಅವರ ಬದುಕಿನ ತಿರುವು ಈ ಪತ್ರದಲ್ಲಿದೆ. ಕಯೂಸರಿಗಾಗಿ ಬಂದ ವ್ಯಕ್ತಿ ಕಯೂಸರ ನೆಲದಲ್ಲಿ ವಲಸಿಗರ ತಂಗುದಾಣ ನಡೆಸುವವರಾಗಿ ಬದಲಾದರು. ಅದನ್ನು ಅವರು ಮುಚ್ಚಿಡಲೂ ಇಲ್ಲ.

ತೇವಾತ್‌ನ ಹೊಣೆ

ಈ ಪ್ರಕರಣದ ಕೀಲಿಕೈ ಇರುವುದು ಕಯೂಸರ ವೈದ್ಯ ಪದ್ಧತಿಯಲ್ಲಿ. ರೋಗ ಗುಣಪಡಿಸುವ ಶಕ್ತಿಯುಳ್ಳವರನ್ನು ಅವರು ತೇವಾತ್ ಎನ್ನುತ್ತಿದ್ದರು. ಗುಣಪಡಿಸಬಲ್ಲವನಿಗೆ ಕೊಲ್ಲುವ ಶಕ್ತಿಯೂ ಇರುತ್ತದೆಂಬುದು ನಂಬಿಕೆ. ಆದ್ದರಿಂದ ರೋಗಿ ಸತ್ತರೆ, ಸಾವು ತೇವಾತ್‌ನ ಕೆಟ್ಟ ಉದ್ದೇಶದಿಂದ ಆದದ್ದೆಂದು ಮನೆಯವರಿಗೆ ತೋರಿದರೆ, ಅವನನ್ನು ಕೊಲ್ಲುವ ಹಕ್ಕು ಅವರಿಗಿತ್ತು. ಚಿಕಿತ್ಸೆಯ ಒಪ್ಪಂದದಲ್ಲೇ ಈ ಅಪಾಯ ಅಡಗಿತ್ತು, ತೇವಾತ್ ಆದವನು ಅದನ್ನು ತಿಳಿದೇ ಕೈ ಹಾಕುತ್ತಿದ್ದ.

ವಿಟ್‌ಮನ್‌ಗೆ ಇದು ಗೊತ್ತಿರಲಿಲ್ಲವೆಂದು ಯಾರೂ ಹೇಳುವಂತಿಲ್ಲ. 1837ರಲ್ಲೇ ಉಮ್ತಿಪ್ಪೆ ಎಂಬ ಮುಖಂಡರ ಹೆಂಡತಿಗೆ ವಿಟ್‌ಮನ್ ಚಿಕಿತ್ಸೆ ಮಾಡುತ್ತಿದ್ದಾಗ, ಆಕೆ ಸತ್ತರೆ ನಿನ್ನನ್ನು ಕೊಲ್ಲುತ್ತೇನೆಂದು ಉಮ್ತಿಪ್ಪೆ ನೇರವಾಗಿ ಹೇಳಿದ್ದರು. ಆಕೆ ಬದುಕಿದರು. ಅದೇ ವರ್ಷ ಮುಖಂಡರೊಬ್ಬರು ತೀರಿಕೊಂಡಾಗ ಚಿಕಿತ್ಸೆ ನೀಡಿದ್ದ ತೇವಾತ್‌ನನ್ನು ಗುಂಡಿಕ್ಕಿ ಕೊಂದ ಸುದ್ದಿಯೂ ನಾರ್ಸಿಸಾ ತವರಿಗೆ ಬರೆದ ಪತ್ರದಲ್ಲಿದೆ. ಹಡ್ಸನ್ಸ್ ಬೇ ಕಂಪನಿಯ ಹಿರಿಯ ಅಧಿಕಾರಿ ಜಾನ್ ಮೆಕ್‌ಲಾಫ್ಲಿನ್ ಕೂಡ ಈ ಪದ್ಧತಿಯ ಬಗ್ಗೆ ವಿಟ್‌ಮನ್‌ಗೆ ಎಚ್ಚರಿಕೆ ಕೊಟ್ಟಿದ್ದರು.

ಇದರ ಜೊತೆಗೆ ವಿಷದ ಅನುಮಾನ ಬಲವಾಗಲು ಮಿಷನ್ನೇ ಕಾರಣ ಒದಗಿಸಿತ್ತು. ಕಲ್ಲಂಗಡಿ ಕಳ್ಳತನ ತಡೆಯಲೆಂದು ಹಣ್ಣಿಗೆ ವಾಂತಿ ಬರಿಸುವ ಔಷಧ ಸೇರಿಸಿಟ್ಟದ್ದು, ತೋಳಗಳಿಗೆಂದು ಮಾಂಸಕ್ಕೆ ವಿಷ ಬೆರೆಸಿಟ್ಟದ್ದು, ಅವನ್ನು ತಿಂದ ಕಯೂಸರು ಕಾಯಿಲೆ ಬಿದ್ದದ್ದು ದಾಖಲಾಗಿವೆ. ಕಲ್ಲಂಗಡಿಯ ಸಂಗತಿ ಅಂದು ನಗೆಯ ವಿಷಯವಾಗಿದ್ದಿರಬಹುದು. ಕೆಲವೇ ವರ್ಷಗಳಲ್ಲಿ ಅದು ನಗೆಯಾಗಿ ಉಳಿಯಲಿಲ್ಲ.

ದಡಾರ

1847ರ ಜುಲೈನಲ್ಲಿ ಕೆನಡಾದ ಚಿತ್ರಕಾರ ಪಾಲ್ ಕೇನ್ ವಾಲಾ ವಾಲಾ ಕೋಟೆಯಲ್ಲಿದ್ದರು. ಹಿಂದಿನ ವರ್ಷ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದ ವಾಲಾ ವಾಲಾ ಮತ್ತು ಕಯೂಸ್ ಜನರ ದಂಡಿನಿಂದ, ವಾಲಾ ವಾಲಾ ಮುಖಂಡ ಪಿಯೊಪಿಯೊಮಾಕ್ಸ್‌ಮಾಕ್ಸ್ ಅವರ ಮಗ ಮುಂದಾಗಿ ಊರಿಗೆ ಬಂದದ್ದನ್ನು ಅವರು ಕಂಡು ಬರೆದಿದ್ದಾರೆ. ಸುತ್ತ ಸೇರಿದ ಜನರ ನಡುವೆ ಆತ ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದ. ಪ್ರತಿ ಹೆಸರಿಗೂ ಒಂದು ಮನೆಯವರ ಗೋಳು ಮುಗಿಲು ಮುಟ್ಟುತ್ತಿತ್ತು. ಆ ಪಟ್ಟಿ ಮೂವತ್ತು ಹೆಸರುಗಳನ್ನು ಮುಟ್ಟುವವರೆಗೂ ಮುಗಿಯಲಿಲ್ಲ. ಅವರನ್ನು ಕೊಂದದ್ದು ದಡಾರ. ಬದುಕಿ ಬಂದವರೊಂದಿಗೆ ದಡಾರವೂ ಕಣಿವೆಗೆ ಬಂದಿತು. ಶರತ್ಕಾಲದ ಬಂಡಿಗಳಲ್ಲಿಯೂ ಅದೇ ಕಾಯಿಲೆ ಇತ್ತು. ಹೀಗಾಗಿ ರೋಗ ತಂದವರು ವಲಸಿಗರೇ ಎಂಬ ರೂಢಿಯ ಮಾತು ಅರ್ಧ ಸತ್ಯ ಮಾತ್ರ.

ಹಿಂದೆಂದೂ ದಡಾರ ಕಾಣದ ಸಮುದಾಯದಲ್ಲಿ ಅದು ಮಕ್ಕಳ ಕಾಯಿಲೆಯಾಗಿ ಉಳಿಯುವುದಿಲ್ಲ. ಮನೆಯ ಹಿರಿಯರು, ಅಡುಗೆ ಮಾಡುವವರು, ನೀರು ತರುವವರು, ಆರೈಕೆ ಮಾಡಬೇಕಾದವರು ಎಲ್ಲರೂ ಒಟ್ಟಿಗೆ ಮಲಗುತ್ತಾರೆ. ಜ್ವರ ಬಂದಾಗ ಬೆವರು ಗುಡಿಸಲಿನಲ್ಲಿ ಕುಳಿತು, ನಂತರ ತಣ್ಣನೆಯ ಹೊಳೆಗೆ ಧುಮುಕುವ ಕಯೂಸರ ರೂಢಿಯ ಚಿಕಿತ್ಸೆ ಈ ರೋಗದಲ್ಲಿ ಪ್ರಾಣಕ್ಕೇ ಎರವಾಯಿತು. ಕೆಲವೇ ವಾರಗಳಲ್ಲಿ ಸಮುದಾಯದ ಸುಮಾರು ಅರ್ಧದಷ್ಟು ಜನ ಸತ್ತರು. ತಿಲೋಕೈಕ್ತ್ ಅವರ ಮಕ್ಕಳೂ ಅವರಲ್ಲಿದ್ದರು.

ವಿಟ್‌ಮನ್ ಹಗಲು ರಾತ್ರಿ ಎರಡೂ ಕಡೆಯ ರೋಗಿಗಳನ್ನು ನೋಡುತ್ತಿದ್ದರು, ಅದರಲ್ಲಿ ಸಂಶಯವಿಲ್ಲ. ಆದರೆ ಕಯೂಸರು ಕಂಡ ದೃಶ್ಯ ಇದು: ಒಬ್ಬನೇ ವೈದ್ಯ, ಅದೇ ಪೆಟ್ಟಿಗೆಯ ಔಷಧ, ಮಿಷನ್ನಿನ ಬಿಳಿಯ ಮಕ್ಕಳಲ್ಲಿ ಹೆಚ್ಚಿನವರು ಎದ್ದು ಓಡಾಡುತ್ತಾರೆ, ನಮ್ಮ ಮಕ್ಕಳು ಸಾಯುತ್ತಾರೆ. ನೆಲ ಮತ್ತು ಕುದುರೆಗಳನ್ನು ಕಬಳಿಸಲು ವೈದ್ಯ ವಿಷ ಕೊಡುತ್ತಿದ್ದಾನೆಂಬ ಮಾತನ್ನು ಮಿಷನ್ನಿನಲ್ಲಿ ಆಶ್ರಯ ಪಡೆದಿದ್ದ ಜೋ ಲೂಯಿಸ್ ಎಂಬಾತ ಹಬ್ಬಿಸಿದ ಎನ್ನಲಾಗುತ್ತದೆ. ಅವನಿಲ್ಲದಿದ್ದರೂ ಆ ಮಾತು ಹುಟ್ಟುತ್ತಿತ್ತೆಂದು ನನಗನಿಸುತ್ತದೆ. ರೋಗನಿರೋಧಕ ಶಕ್ತಿಯ ವಿವರಣೆ ಅಂದು ವಿಟ್‌ಮನ್ ಅವರಿಗೂ ಗೊತ್ತಿರಲಿಲ್ಲ. ಕಣ್ಣೆದುರಿನ ಲೆಕ್ಕಕ್ಕೆ ಕಯೂಸರ ಬಳಿ ಇದ್ದ ಒಂದೇ ವಿವರಣೆ ತೇವಾತ್‌ನದು.

ನವೆಂಬರ್ 28ರಂದು ಯುಮಟಿಲ ಕಡೆಗೆ ರೋಗಿಗಳನ್ನು ನೋಡಲು ಹೋಗಿದ್ದ ವಿಟ್‌ಮನ್‌ಗೆ, ಅವರ ಸ್ನೇಹಿತರಾಗಿದ್ದ ಸ್ಟಿಕಸ್ ಎಂಬ ಕಯೂಸ್ ಮುಖಂಡರು ಪರಿಸ್ಥಿತಿ ಕೆಟ್ಟಿದೆ ಎಂದು ಎಚ್ಚರಿಸಿದರು. ವಿಟ್‌ಮನ್ ರಾತ್ರಿಯೇ ಮನೆಗೆ ಮರಳಿದರು. ಮರುದಿನ, 29ರ ಮಧ್ಯಾಹ್ನ, ಔಷಧ ಬೇಕೆಂದು ಕೆಲವರು ಅಡುಗೆಮನೆಗೆ ಬಂದರು. ವಿಟ್‌ಮನ್ ತಿಲೋಕೈಕ್ತ್ ಅವರೊಂದಿಗೆ ಮಾತಾಡುತ್ತಿದ್ದಾಗ ತೋಮಹಾಸ್ ಹಿಂದಿನಿಂದ ಕೈಗೊಡಲಿಯಲ್ಲಿ ಹೊಡೆದರು. ನಾರ್ಸಿಸಾ ಗುಂಡಿಗೆ ಬಲಿಯಾದರು. ಆ ದಿನ ಮತ್ತು ಮುಂದಿನ ಕೆಲ ದಿನಗಳಲ್ಲಿ ಒಟ್ಟು ಹದಿಮೂರು ಮಂದಿ ಸತ್ತರು. ಸತ್ತವರಲ್ಲಿ ನಾರ್ಸಿಸಾ ಒಬ್ಬರೇ ಹೆಂಗಸು. ಆಸ್ಬೋರ್ನ್ ಎಂಬವರ ಕುಟುಂಬ ನೆಲಹಾಸಿನ ಹಲಗೆಗಳನ್ನು ಎತ್ತಿ ಕೆಳಗೆ ಮಲಗಿ, ತಲೆಯ ಮೇಲೆ ಹೆಜ್ಜೆಗಳ ಸದ್ದು ಕೇಳುತ್ತಾ ಕತ್ತಲಾಗುವವರೆಗೆ ಉಸಿರು ಬಿಗಿಹಿಡಿದು, ನಂತರ ತಪ್ಪಿಸಿಕೊಂಡಿತು. ವಿಟ್‌ಮನ್ ದಂಪತಿ ಸಾಕಿಕೊಂಡಿದ್ದ ಸೇಗರ್ ಕುಟುಂಬದ ಏಳು ಅನಾಥ ಮಕ್ಕಳಲ್ಲಿ ಇಬ್ಬರು ಹುಡುಗರೂ ಕೊಲೆಯಾದರು. ಅವರು ತೇವಾತ್‌ಗಳಲ್ಲ, ಯಾರಿಗೂ ಔಷಧ ಕೊಟ್ಟವರಲ್ಲ. ತೇವಾತ್‌ನ ಪದ್ಧತಿ ಮಾರ್ಕಸ್ ವಿಟ್‌ಮನ್ ಅವರ ಕೊಲೆಯನ್ನು ವಿವರಿಸಬಲ್ಲದು. ಆ ಹುಡುಗರ ಕೊಲೆಯನ್ನು ಅದು ವಿವರಿಸಲಾರದು. ಕಯೂಸರ ಪರವಾಗಿ ಬರೆಯುವವರು ಈ ಗೆರೆಯನ್ನು ಅಳಿಸಬಾರದು.

ಸೆರೆಸಿಕ್ಕ ಐವತ್ತರಷ್ಟು ಹೆಂಗಸರು ಮತ್ತು ಮಕ್ಕಳನ್ನು ಒಂದು ತಿಂಗಳ ನಂತರ ಬಿಡಿಸಿದ್ದು ಸೈನ್ಯವಲ್ಲ, ಹಡ್ಸನ್ಸ್ ಬೇ ಕಂಪನಿಯ ಪೀಟರ್ ಸ್ಕೀನ್ ಆಗ್ಡೆನ್. ಬೆಲೆಯಾಗಿ ಅವರು ಕೊಟ್ಟದ್ದು 62 ಕಂಬಳಿ, 63 ಹತ್ತಿ ಅಂಗಿ, 12 ಬಂದೂಕು, 600 ಸುತ್ತಿನ ಮದ್ದುಗುಂಡು ಮತ್ತು ಒಂದಷ್ಟು ಹೊಗೆಸೊಪ್ಪು. ಸೆರೆಯಲ್ಲಿದ್ದಾಗಲೇ ದಡಾರದಿಂದ ಸತ್ತ ಮಕ್ಕಳಲ್ಲಿ ಹೆಲೆನ್ ಮಾರ್ ಮೀಕ್ ಒಬ್ಬಳು. ಅವಳ ತಂದೆ ಜೋ ಮೀಕ್ ಅವರ ಹೆಸರು ಮುಂದೆ ಮತ್ತೆ ಬರುತ್ತದೆ.

ವಿಚಾರಣೆ

ಹತ್ಯೆಯ ಸುದ್ದಿ ಹೊತ್ತು ವಾಷಿಂಗ್ಟನ್‌ಗೆ ಹೋದವರು ಇದೇ ಜೋ ಮೀಕ್. 1848ರ ಆಗಸ್ಟ್ 14ರಂದು ಅಮೆರಿಕದ ಕಾಂಗ್ರೆಸ್ ಆರಿಗನ್ ಟೆರಿಟರಿಯನ್ನು, ಅಂದರೆ ಇನ್ನೂ ರಾಜ್ಯವಾಗದ, ಕೇಂದ್ರ ಸರ್ಕಾರದ ಅಧೀನದ ಆಡಳಿತ ಪ್ರದೇಶವನ್ನು, ಸ್ಥಾಪಿಸಿತು. ಅಷ್ಟರಲ್ಲಿ ವಲಸಿಗರ ತಾತ್ಕಾಲಿಕ ಸರ್ಕಾರ ಕಳುಹಿಸಿದ ಸ್ವಯಂಸೇವಕರ ಪಡೆ ಕಯೂಸರನ್ನು ಬೆಟ್ಟಗಳಿಗೆ ಅಟ್ಟಿತ್ತು. ಹತ್ಯೆಯಲ್ಲಿ ಪಾಲ್ಗೊಳ್ಳದವರ ಜಾನುವಾರು ಮತ್ತು ಕುದುರೆಗಳೂ ಕೊಳ್ಳೆಹೋದವು. ರೋಗದಿಂದ ಅರ್ಧವಾಗಿ, ಯುದ್ಧದಿಂದ ದಿಕ್ಕುಗೆಟ್ಟ ಸಮುದಾಯ 1850ರ ವಸಂತದಲ್ಲಿ ಐವರನ್ನು ಒಪ್ಪಿಸಿತು. ಗವರ್ನರ್ ಜೋಸೆಫ್ ಲೇನ್ ಸ್ವತಃ ದಿ ಡ್ಯಾಲ್ಸ್‌ಗೆ ಹೋಗಿ ಅವರನ್ನು ವಶಕ್ಕೆ ಪಡೆದರು.

ಆರಿಗನ್ ಸಿಟಿಯಲ್ಲಿ ವಿಚಾರಣೆ ಮೇ ತಿಂಗಳ ಕೊನೆಯ ವಾರಗಳಲ್ಲಿ ಆರಂಭವಾಗಿ, ಕೆಲವೇ ದಿನಗಳಲ್ಲಿ, ಮೇ 24ರಂದು ಮುಗಿಯಿತು. ನ್ಯಾಯಾಧೀಶರು ಆರ್ವಿಲ್ ಪ್ರಾಟ್. ಸರ್ಕಾರದ ವಕೀಲರು ಅಮೋರಿ ಹೋಲ್‌ಬ್ರೂಕ್. ಆರೋಪಿಗಳ ಪರ ವಾದಿಸಿದವರಲ್ಲಿ ಮುಖ್ಯರು ಟೆರಿಟರಿಯ ಕಾರ್ಯದರ್ಶಿಯೇ ಆಗಿದ್ದ ಕಿಂಟ್ಜಿಂಗ್ ಪ್ರಿಚೆಟ್. ನ್ಯಾಯಮಂಡಳಿಯಲ್ಲಿ (ಜ್ಯೂರಿ) ಇದ್ದವರು ಬಿಳಿಯ ವಲಸಿಗರು. ಹೊರನೋಟಕ್ಕೆ ಎಲ್ಲವೂ ಕ್ರಮಬದ್ಧ: ಆರೋಪಪಟ್ಟಿ, ವಕೀಲರು, ದುಭಾಷಿಗಳು, ಸಾಕ್ಷಿಗಳು, ಪಾಟೀಸವಾಲು. ಗುಂಪು ಸೇರಿ ನೇಣು ಹಾಕುವ ಬದಲು ಕಾನೂನಿನಂತೆ ನಡೆದರೆಂದು ಹೊಗಳುವವರಿಗೆ ಈ ಕ್ರಮಬದ್ಧತೆಯೇ ಆಧಾರ.

ಪ್ರಿಚೆಟ್ ಎತ್ತಿದ ಮೊದಲ ಆಕ್ಷೇಪಣೆ ಬಹಳ ಗಟ್ಟಿಯಾದದ್ದು. 1847ರ ನವೆಂಬರ್‌ನಲ್ಲಿ ವೈಲಾಟ್ಪು ಕಯೂಸರ ನೆಲ. ಅದನ್ನು ಅವರು ಯಾವ ಒಪ್ಪಂದದಲ್ಲೂ ಬಿಟ್ಟುಕೊಟ್ಟಿರಲಿಲ್ಲ. ಅಮೆರಿಕದ ಟೆರಿಟರಿ ಆಡಳಿತ ಅಂದು ಇರಲೇ ಇಲ್ಲ. ಹಾಗಿರುವಾಗ ಅಲ್ಲಿ ನಡೆದ ಕೃತ್ಯಕ್ಕೆ ಕಯೂಸರ ಕಟ್ಟಳೆ ಅನ್ವಯಿಸಬೇಕೇ ಹೊರತು ಅಮೆರಿಕದ ಕಾನೂನಲ್ಲ ಎಂಬುದು ಅವರ ವಾದ. 1846ರಲ್ಲಿ ಬ್ರಿಟನ್ ಮತ್ತು ಅಮೆರಿಕ ತಮ್ಮತಮ್ಮಲ್ಲೇ ಗಡಿಗೆರೆ ಎಳೆದುಕೊಂಡಿದ್ದವು ನಿಜ. ಆ ಗೆರೆ ಹಾದುಹೋಗುವ ನಾಡಿನ ಜನರನ್ನು ಯಾರೂ ಕೇಳಿರಲಿಲ್ಲ. ಪ್ರಾಟ್ ಈ ಆಕ್ಷೇಪಣೆಯನ್ನು ತಳ್ಳಿಹಾಕಿದರು. ರೊಚ್ಚಿಗೆದ್ದ ಊರಿನಿಂದ ವಿಚಾರಣೆಯನ್ನು ಬೇರೆಡೆಗೆ ವರ್ಗಾಯಿಸಬೇಕೆಂಬ ಕೋರಿಕೆಯನ್ನೂ ಒಪ್ಪಲಿಲ್ಲ.

ತೇವಾತ್ ಪದ್ಧತಿಯ ಬಗ್ಗೆ ವಿಟ್‌ಮನ್‌ಗೆ ತಾವು ಎಚ್ಚರಿಕೆ ನೀಡಿದ್ದಾಗಿ ಮೆಕ್‌ಲಾಫ್ಲಿನ್ ಸಾಕ್ಷ್ಯ ನುಡಿದರು. ಸ್ಟಿಕಸ್ ಕೂಡ ಸಾಕ್ಷಿಕಟ್ಟೆಗೆ ಬಂದರು. ಇವು ದಾಖಲಾದವು, ತೀರ್ಪಿನಲ್ಲಿ ಇವುಗಳ ನೆರಳೂ ಕಾಣಲಿಲ್ಲ. ಅದಕ್ಕಿಂತ ಗಂಭೀರವಾದದ್ದು ನ್ಯಾಯಾಧೀಶರು ನ್ಯಾಯಮಂಡಳಿಗೆ ಕೊಟ್ಟ ಸೂಚನೆ. ತಪ್ಪಿತಸ್ಥರು ಯಾರೆಂದು ಕಯೂಸರಿಗೇ ಚೆನ್ನಾಗಿ ಗೊತ್ತಿರುತ್ತದೆ, ಅವರೇ ಈ ಐವರನ್ನು ಒಪ್ಪಿಸಿದ್ದಾರೆ, ಆದ್ದರಿಂದ ಅದನ್ನೂ ಪರಿಗಣಿಸಬಹುದೆಂಬ ಅರ್ಥ ಅದಕ್ಕಿತ್ತು. ಕಯೂಸರ ಕಟ್ಟಳೆಗೆ ಮಾನ್ಯತೆ ಇಲ್ಲವೆಂದ ನ್ಯಾಯಾಲಯ, ಅದೇ ಕಯೂಸರು ಯುದ್ಧದ ಒತ್ತಡದಲ್ಲಿ ಮಾಡಿದ ಆಯ್ಕೆಯನ್ನು ಪುರಾವೆಯೆಂದು ಸ್ವೀಕರಿಸಿತು. ಇಡೀ ವಿಚಾರಣೆಯಲ್ಲಿ ಇದಕ್ಕಿಂತ ದುರ್ಬಲವಾದ ಕೊಂಡಿಯನ್ನು ನಾನು ಕಾಣೆ. ನ್ಯಾಯಮಂಡಳಿ ಸುಮಾರು 75 ನಿಮಿಷಗಳಲ್ಲಿ ಐವರನ್ನೂ ತಪ್ಪಿತಸ್ಥರೆಂದಿತು. ತೀರ್ಪಿಗೂ ಗಲ್ಲಿಗೂ ನಡುವೆ ಇದ್ದದ್ದು ಹತ್ತು ದಿನ.

ಶಿಕ್ಷೆ ಜಾರಿ ಮಾಡಿದ ಅಧಿಕಾರಿ ಅಮೆರಿಕದ ಮಾರ್ಷಲ್ ಆಗಿದ್ದ ಜೋ ಮೀಕ್. ವೈಲಾಟ್ಪುವಿನಲ್ಲಿ ಮಗಳನ್ನು ಕಳೆದುಕೊಂಡ ತಂದೆಯ ಕೈಯಲ್ಲೇ ಹಗ್ಗವಿತ್ತು. ಯಾಕೆ ಶರಣಾದಿರಿ ಎಂದು ಕೇಳಿದಾಗ, ಕ್ರಿಸ್ತ ತನ್ನ ಜನರನ್ನು ಉಳಿಸಲು ಸತ್ತನೆಂದು ನಿಮ್ಮ ಮಿಷನರಿಗಳೇ ನಮಗೆ ಕಲಿಸಲಿಲ್ಲವೇ, ಹಾಗೆಯೇ ನಾವೂ ನಮ್ಮ ಜನರನ್ನು ಉಳಿಸಲು ಸಾಯುತ್ತೇವೆ ಎಂಬರ್ಥದ ಉತ್ತರವನ್ನು ತಿಲೋಕೈಕ್ತ್ ಕೊಟ್ಟರೆಂದು ಹೇಳಲಾಗುತ್ತದೆ. ಹನ್ನೊಂದು ವರ್ಷಗಳ ಧರ್ಮಬೋಧನೆ ಅವರಿಗೆ ಅರ್ಥವಾಗಿರಲಿಲ್ಲವೆಂದು ಇದನ್ನು ಕೇಳಿದ ಮೇಲೆ ಹೇಳುವುದು ಕಷ್ಟ.

ನೆಲದ ಲೆಕ್ಕ

1855ರ ಬೇಸಿಗೆಯ ಮೊದಲಲ್ಲಿ ವಾಲಾ ವಾಲಾ ಕಣಿವೆಯಲ್ಲಿ ವಾಷಿಂಗ್ಟನ್ ಟೆರಿಟರಿಯ ಗವರ್ನರ್ ಐಸಾಕ್ ಸ್ಟೀವನ್ಸ್ ಮತ್ತು ಆರಿಗನ್ನಿನಲ್ಲಿ ಮೂಲನಿವಾಸಿಗಳ ವ್ಯವಹಾರ ನೋಡುತ್ತಿದ್ದ ಅಧಿಕಾರಿ ಜೋಯೆಲ್ ಪಾಮರ್ ಸಭೆ ಕರೆದರು. ಕಯೂಸರ ಮುಖಂಡ ಯಂಗ್ ಚೀಫ್ ಅಲ್ಲಿ ಎದ್ದು, ಈ ನೆಲಕ್ಕೆ ಹೇಳುವುದೇನಾದರೂ ಇದೆಯೇ, ಇಲ್ಲಿ ಆಡುವ ಮಾತುಗಳನ್ನು ನೆಲ ಕೇಳಿಸಿಕೊಳ್ಳುತ್ತಿದೆಯೇ ಎಂದು ಕೇಳಿದ ಮಾತು ಸಭೆಯ ದಾಖಲೆಯಲ್ಲಿದೆ. ಜೂನ್ 9ರ ಒಪ್ಪಂದದಲ್ಲಿ ಕಯೂಸ್, ಯುಮಟಿಲ ಮತ್ತು ವಾಲಾ ವಾಲಾ ಸಮುದಾಯಗಳು 64 ಲಕ್ಷ ಎಕರೆ ನೆಲವನ್ನು ಬಿಟ್ಟುಕೊಟ್ಟು, ಸುಮಾರು 5 ಲಕ್ಷ ಎಕರೆಯನ್ನು ತಮಗಾಗಿ ಉಳಿಸಿಕೊಂಡವು. ರೂಢಿಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನೂ ಬರಹದಲ್ಲಿ ಇಟ್ಟುಕೊಂಡವು. ಸರ್ವೆ ನಡೆದಾಗ ಆ ನೆಲ ಅರ್ಧಕ್ಕಿಳಿಯಿತು. 1885ರ ಕಾಯ್ದೆಯಡಿ ಅದನ್ನು ತುಂಡು ಹಂಚಿಕೆ ಮಾಡಿದ ಮೇಲೆ ಇನ್ನಷ್ಟು ಕುಗ್ಗಿ, ಇಂದು ಮೀಸಲು ಪ್ರದೇಶ ಸುಮಾರು 1,72,000 ಎಕರೆ ಇದೆ. ಮೂರೂ ಸಮುದಾಯಗಳು ಸೇರಿದ ಒಕ್ಕೂಟ ಪೆಂಡಲ್ಟನ್ ಬಳಿ ತನ್ನದೇ ಆಡಳಿತ ನಡೆಸುತ್ತದೆ. 1998ರಲ್ಲಿ ಅದು ತೆರೆದ ತಮಾಸ್ತ್‌ಸ್ಲಿಕ್ತ್ ಸಂಸ್ಕೃತಿ ಕೇಂದ್ರದಲ್ಲಿ ವೈಲಾಟ್ಪುವಿನ ಕಥೆಯನ್ನು ಕಯೂಸರೇ ಹೇಳುತ್ತಾರೆ. ನೀರಾವರಿಯಿಂದ ಬತ್ತಿ ಸಾಲ್ಮನ್ ಮೀನೇ ಇಲ್ಲವಾಗಿದ್ದ ಯುಮಟಿಲ ನದಿಗೆ ಆ ಮೀನನ್ನು ಮರಳಿ ತಂದದ್ದು 1855ರ ಕಾಗದದ ಬಲದಿಂದ.

ವಿಟ್‌ಮನ್ ಅವರ ಕೀರ್ತಿಯ ಇಳಿಜಾರು ನಿಧಾನವಾಗಿತ್ತು. ಅವರ 1842ರ ಪ್ರಯಾಣವೇ ಆರಿಗನ್ನನ್ನು ಅಮೆರಿಕಕ್ಕೆ ಉಳಿಸಿಕೊಟ್ಟಿತೆಂಬ ದಂತಕಥೆಯನ್ನು ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಬೋರ್ನ್ 1900ರ ಸುಮಾರಿಗೇ ಅಲ್ಲಗಳೆದಿದ್ದರೂ, 1953ರಲ್ಲಿ ವಾಷಿಂಗ್ಟನ್ ರಾಜ್ಯದ ಪರವಾಗಿ ಅಮೆರಿಕದ ಸಂಸತ್ ಭವನದಲ್ಲಿ ಅವರ ಪ್ರತಿಮೆ ನಿಂತಿತು. 2021ರಲ್ಲಿ ಅದರ ಬದಲಿಗೆ, ಒಪ್ಪಂದದ ಮೀನುಗಾರಿಕೆ ಹಕ್ಕುಗಳಿಗಾಗಿ ಹೋರಾಡಿದ ನಿಸ್ಕ್ವಾಲಿ ಸಮುದಾಯದ ಬಿಲ್ಲಿ ಫ್ರಾಂಕ್ ಜೂನಿಯರ್ ಅವರ ಪ್ರತಿಮೆಯನ್ನು ಇಡಲು ರಾಜ್ಯ ಶಾಸನಸಭೆ ನಿರ್ಧರಿಸಿತು.

ಗಲ್ಲಿಗೇರಿದ ಐವರಲ್ಲಿ ಕಿಯಮಸುಂಪ್ಕಿನ್ ಅವರ ಹೇಳಿಕೆಯನ್ನು ಸಾವಿಗೆ ಮುಂಚೆ ಬರೆದುಕೊಳ್ಳಲಾಗಿತ್ತು. ಹತ್ಯೆಯ ದಿನ ತಾನು ಹೊಳೆಯ ಮೇಲ್ಭಾಗದಲ್ಲಿದ್ದೆ, ವೈಲಾಟ್ಪುವಿಗೆ ಬಂದದ್ದು ಮರುದಿನ. ಬಿಳಿಯ ಹೆಂಗಸೊಬ್ಬಳು ಮನೆಯಿಂದ ಓಡಿಬಂದು ಕೊಲ್ಲಬೇಡವೆಂದು ಕೈಚಾಚಿದಳು, ಹೆದರಬೇಡವೆಂದು ಅವಳ ತಲೆಯ ಮೇಲೆ ಕೈಯಿಟ್ಟೆ. ತನಗೆ ಗೊತ್ತಿರುವುದನ್ನು ಹೇಳಿ ಬರಲೆಂದು ತನ್ನ ಮುಖಂಡ ಕಳುಹಿಸಿದ್ದರಿಂದ ಇಲ್ಲಿಗೆ ಬಂದೆ, ಕೊಲೆಗಾರನಾಗಿ ಬರಲಿಲ್ಲ. ಇದು ತಾನು ಮಾತಾಡಬಹುದಾದ ಕೊನೆಯ ಸಲ ಎಂದು ಅವರು ಹೇಳಿದ್ದರು. ಐವರನ್ನೂ ಆರಿಗನ್ ಸಿಟಿಯ ಅಂಚಿನಲ್ಲಿ ಗುರುತಿನ ಕಲ್ಲೂ ಇಲ್ಲದೆ ಹೂಳಲಾಯಿತು. ಅವರ ಎಲುಬುಗಳನ್ನು ಹುಡುಕಿ ನೀಲಿ ಬೆಟ್ಟಗಳ ತಪ್ಪಲಿಗೆ ಮರಳಿ ಒಯ್ಯಬೇಕೆಂದು ಕಯೂಸರ ವಂಶಜರು ವರ್ಷಗಳಿಂದ ಆ ಊರಿನ ನೆಲವನ್ನು ಶೋಧಿಸುತ್ತಿದ್ದಾರೆ.